ಓದುಗರ ಪ್ರಶ್ನೆ: ಕೋಡ್ ಸ್ಕ್ಯಾನಿಂಗ್ ಹಾಕಿದ ದಿನವೇ ಕೆಲಸ ನಿಂತರೆ?

ಪ್ರಶ್ನೆ: ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನಾನು ತಂಡದ ಮುಖ್ಯಸ್ಥೆ. ನಮ್ಮ ಪೈಥಾನ್ ಯೋಜನೆ ಆರು ವರ್ಷ ಹಳೆಯದು. ಕಳೆದ ತಿಂಗಳು ಗಿಟ್‌ಹಬ್‌ನಲ್ಲಿ ಕೋಡ್‌ಕ್ಯೂಎಲ್ ಸ್ಕ್ಯಾನಿಂಗ್, ಅಂದರೆ ಕೋಡಿನಲ್ಲಿ ಭದ್ರತಾ ದೋಷ ಹುಡುಕುವ ತಪಾಸಣೆ, ಆರಂಭಿಸಿದೆವು. ಮೊದಲ ಸಲವೇ ನಾನೂರಕ್ಕೂ ಹೆಚ್ಚು ಎಚ್ಚರಿಕೆಗಳು ಬಂದವು. ಅವೆಲ್ಲ ಮುಗಿಯುವ ತನಕ ಯಾರೂ ಮರ್ಜ್ (ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವುದು) ಮಾಡಬಾರದು ಎಂದು ವ್ಯವಸ್ಥಾಪಕರು ಹೇಳುತ್ತಾರೆ. ಸ್ಕ್ಯಾನನ್ನೇ ತೆಗೆದುಬಿಡಿ ಎಂದು ತಂಡದವರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ವ್ಯವಸ್ಥಾಪಕರ ಕಾಳಜಿ ಸರಿಯಾದದ್ದೇ, ಆದರೆ ಆ ದಾರಿ ಹಿಡಿದರೆ ಎರಡೇ ವಾರದಲ್ಲಿ ಜನ ಎಚ್ಚರಿಕೆಗಳನ್ನು ಓದದೆಯೇ ‘ತಪ್ಪು ಎಚ್ಚರಿಕೆ’ ಎಂದು ಗುರುತು ಹಾಕಿ ಮುಚ್ಚಲು ಶುರುಮಾಡುತ್ತಾರೆ. ಆಮೇಲೆ ಸ್ಕ್ಯಾನ್ ಇದ್ದೂ ಇಲ್ಲದಂತೆ.

ಹಳೆಯ ರಾಶಿಯನ್ನೂ ಹೊಸ ಕೋಡನ್ನೂ ಬೇರೆ ಮಾಡಿ. ಇದಕ್ಕೆ ನೀವು ಹೆಚ್ಚೇನೂ ಹೆಣಗಬೇಕಿಲ್ಲ. ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಗಿಟ್‌ಹಬ್ ತೋರಿಸುವುದು ಆ ಬದಲಾವಣೆಯಿಂದ ಹುಟ್ಟಿದ ಎಚ್ಚರಿಕೆಗಳನ್ನು ಮಾತ್ರ. ರೆಪಾಸಿಟರಿಯ (ಕೋಡ್ ಸಂಗ್ರಹದ) ರೂಲ್‌ಸೆಟ್‌ನಲ್ಲಿ ಕೋಡ್ ಸ್ಕ್ಯಾನಿಂಗ್ ಫಲಿತಾಂಶ ಕಡ್ಡಾಯ ಎಂಬ ನಿಯಮವಿದೆ. ಅದನ್ನು ಸೇರಿಸಿ, ಭದ್ರತಾ ತೀವ್ರತೆ ‘ಹೈ’ ಅಥವಾ ಅದಕ್ಕೂ ಮೇಲಿದ್ದರೆ ಮಾತ್ರ ಮರ್ಜ್ ತಡೆಯುವಂತೆ ಇಡಿ. ಕ್ವೆರಿಗಳಲ್ಲಿ, ಅಂದರೆ ದೋಷ ಹುಡುಕುವ ಸೂತ್ರಗಳಲ್ಲಿ, ಸದ್ಯಕ್ಕೆ ‘ಡಿಫಾಲ್ಟ್’ ಗುಂಪು ಸಾಕು. ‘ಸೆಕ್ಯೂರಿಟಿ-ಎಕ್ಸ್‌ಟೆಂಡೆಡ್’ ಗುಂಪು ಹೆಚ್ಚು ಹಿಡಿಯುತ್ತದೆ, ಹುಸಿ ಎಚ್ಚರಿಕೆಯನ್ನೂ ಹೆಚ್ಚು ಕೊಡುತ್ತದೆ. ತಂಡಕ್ಕೆ ಉಪಕರಣದ ಮೇಲೆ ನಂಬಿಕೆ ಬಂದ ಮೇಲೆ ಅದನ್ನು ಯೋಚಿಸಿ.

ಇನ್ನು ಆ ನಾನೂರು. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಬೇಡಿ. ಹೊರಗಿನವರು ಕಳಿಸಿದ ಮಾಹಿತಿ ಎಲ್ಲಿ ಡೇಟಾಬೇಸ್, ಕಡತ ಅಥವಾ ಶೆಲ್ (ಕಂಪ್ಯೂಟರ್ ಆಜ್ಞೆಗಳನ್ನು ನಡೆಸುವ ಜಾಗ) ತಲುಪುತ್ತದೋ ಅಲ್ಲಿಂದ ಹಿಡಿಯಿರಿ. ಒಂದು ಉದಾಹರಣೆ ನೋಡಿ. ಫ್ಲಾಸ್ಕ್ ಎಂಬ ಪೈಥಾನ್ ಚೌಕಟ್ಟಿನಲ್ಲಿ ಬರೆದ ಒಂದು ಜಾಲತಾಣಕ್ಕೆ ಬಳಕೆದಾರರು ‘ಊರು’ ಎಂಬ ಮೌಲ್ಯ ಕಳಿಸುತ್ತಾರೆ. ಒಂದು ಕಡತದ ಫಂಕ್ಷನ್ ಅದನ್ನು ವಿನಂತಿಯಿಂದ ಓದುತ್ತದೆ. ಎರಡನೆಯ ಕಡತದಲ್ಲಿ ಅದರ ಹಿಂದುಮುಂದಿನ ಖಾಲಿ ಜಾಗ ತೆಗೆಯಲಾಗುತ್ತದೆ. ಮೂರನೆಯದು ಅದನ್ನು ಎಫ್-ಸ್ಟ್ರಿಂಗ್ (ನಡುವೆ ಮೌಲ್ಯ ತುಂಬುವ ಪಠ್ಯ) ಒಳಗೆ ಪೋಣಿಸಿ ಎಸ್‌ಕ್ಯೂಎಲ್ ವಾಕ್ಯ, ಅಂದರೆ ಡೇಟಾಬೇಸಿನ ಆಜ್ಞೆ, ಕಟ್ಟಿ ಡೇಟಾಬೇಸಿಗೆ ಕೊಡುತ್ತದೆ. ಊರಿನ ಹೆಸರಿನ ಬದಲು ಯಾರಾದರೂ ಆಜ್ಞೆಯ ತುಣುಕನ್ನೇ ಕಳಿಸಿದರೆ ಡೇಟಾಬೇಸ್ ಅದನ್ನೂ ನಡೆಸಿಬಿಡಬಹುದು. ಮೂರು ಕಡತಗಳನ್ನು ಮೂವರು ಬರೆದಿರಬಹುದು, ಬಿಡಿಬಿಡಿಯಾಗಿ ನೋಡಿದರೆ ಮೊದಲೆರಡರಲ್ಲಿ ಯಾವ ದೋಷವೂ ಇಲ್ಲ. ಕೋಡ್‌ಕ್ಯೂಎಲ್ ನಿಮ್ಮ ಇಡೀ ಕೋಡನ್ನು ಮೊದಲು ಒಂದು ಡೇಟಾಬೇಸ್ ಮಾಡಿಕೊಂಡು, ಮೌಲ್ಯ ಹುಟ್ಟಿದಲ್ಲಿಂದ ಅಪಾಯದ ಜಾಗದವರೆಗೆ ಹಾದಿ ಹುಡುಕುತ್ತದೆ. ಎಚ್ಚರಿಕೆ ತೆರೆದು ‘ಶೋ ಪಾತ್ಸ್’ ಒತ್ತಿದರೆ ಆ ಹಾದಿಯ ಒಂದೊಂದು ಮೆಟ್ಟಿಲೂ ಕಾಣುತ್ತದೆ. ಪರಿಹಾರ ಒಂದೇ ಸಾಲಿನದು: ಮೌಲ್ಯವನ್ನು ವಾಕ್ಯದೊಳಗೆ ಸೇರಿಸದೆ, ಆ ಜಾಗದಲ್ಲಿ ಪ್ಲೇಸ್‌ಹೋಲ್ಡರ್ (ಜಾಗ ಕಾಯುವ ಗುರುತು) ಇಟ್ಟು, ಮೌಲ್ಯವನ್ನು ವಾಕ್ಯ ನಡೆಸುವ ಎಕ್ಸಿಕ್ಯೂಟ್‌ಗೆ ಪ್ರತ್ಯೇಕವಾಗಿ ಕೊಡಿ. ಇಂಥದ್ದೊಂದನ್ನು ಇಡೀ ತಂಡ ಒಟ್ಟಿಗೆ ಕೂತು ನೋಡಲಿ. ಸ್ಕ್ಯಾನ್ ಏಕೆ ಬೇಕು ಎಂಬ ವಾದ ಅಲ್ಲಿಗೇ ಮುಗಿಯುತ್ತದೆ.

ನಿಜಕ್ಕೂ ಹುಸಿ ಎನಿಸಿದ್ದನ್ನು ಮುಚ್ಚಿ, ಆದರೆ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆಯಿರಿ. ವರ್ಷ ಕಳೆದ ಮೇಲೆ ಅದನ್ನು ಓದುವವರು ಬೇರೆಯವರಾಗಿರುತ್ತಾರೆ. ಟೆಸ್ಟ್ ಫೋಲ್ಡರ್‌ಗಳನ್ನು ‘ಪಾತ್ಸ್-ಇಗ್ನೋರ್’ ಎಂಬ ಸೆಟ್ಟಿಂಗ್ ಮೂಲಕ ಹೊರಗಿಟ್ಟರೆ ರಾಶಿ ತಕ್ಷಣ ಇಳಿಯುತ್ತದೆ.

ವಾರಕ್ಕೊಂದು ನಿಗದಿತ ಸ್ಕ್ಯಾನ್ ಕೂಡ ಇರಲಿ. ನಿಮ್ಮ ಕೋಡ್ ಬದಲಾಗದಿದ್ದರೂ ಕ್ವೆರಿಗಳು ಸುಧಾರಿಸುತ್ತಿರುತ್ತವೆ, ನಿನ್ನೆ ಕಾಣದ ದೋಷ ನಾಳೆ ಕಾಣಬಹುದು. ಡಿಫಾಲ್ಟ್ ಸೆಟಪ್ ಆರಿಸಿದ್ದರೆ ಇದು ತಾನಾಗಿಯೇ ನಡೆಯುತ್ತದೆ. ಸ್ಕ್ಯಾನ್ ಹೇಗೆ, ಯಾವಾಗ ಓಡಬೇಕು ಎಂದು ತಿಳಿಸುವ ವರ್ಕ್‌ಫ್ಲೋ ಕಡತವನ್ನು ನೀವೇ ಬರೆದಿದ್ದರೆ ಕ್ರಾನ್ (ವೇಳಾಪಟ್ಟಿ) ಸಮಯವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿ ಬರೆಯಬೇಕು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮದು ಗಿಟ್‌ಹಬ್‌ನಂಥದ್ದೇ ಆದ ಗಿಟ್‌ಲ್ಯಾಬ್‌ನ ಉಚಿತ ಯೋಜನೆ, ಕೋಡ್ ಖಾಸಗಿ, ಪರವಾನಗಿಗೆ ಹಣವಿಲ್ಲ. ಅವರ ಸಿದ್ಧ ಎಸ್‌ಎಎಸ್‌ಟಿ (ಕೋಡನ್ನು ಓಡಿಸದೆ ದೋಷ ಹುಡುಕುವ) ಟೆಂಪ್ಲೇಟ್ ಸೇರಿಸಿದೆವು. ಪೈಪ್‌ಲೈನ್ (ತಾನಾಗಿ ನಡೆಯುವ ತಪಾಸಣೆಗಳ ಸಾಲು) ಸದಾ ಹಸಿರು. ನಮ್ಮ ಕೋಡ್ ಅಷ್ಟು ಚೆನ್ನಾಗಿದೆಯೇ? – ಮೈಸೂರಿನ ಓದುಗರು

ಉತ್ತರ: ಆ ಹಸಿರು ಬಣ್ಣ ನಿಮ್ಮ ಕೋಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಟೆಂಪ್ಲೇಟ್‌ನಲ್ಲಿ ದೋಷ ಸಿಕ್ಕರೂ ಪೈಪ್‌ಲೈನ್ ಕೆಂಪಾಗುವುದಿಲ್ಲ. ಫಲಿತಾಂಶ ಒಂದು ಜೇಸನ್ ಕಡತದಲ್ಲಿ ಕೂರುತ್ತದೆ. ಅದನ್ನು ಮರ್ಜ್ ರಿಕ್ವೆಸ್ಟ್ (ಪುಲ್ ರಿಕ್ವೆಸ್ಟ್‌ಗೆ ಗಿಟ್‌ಲ್ಯಾಬ್‌ನ ಹೆಸರು) ಪುಟದಲ್ಲೇ ಬಿಡಿಸಿ ತೋರಿಸುವ ಸೌಲಭ್ಯ ಇರುವುದು ದುಬಾರಿಯಾದ ಅಲ್ಟಿಮೇಟ್ ಯೋಜನೆಯಲ್ಲಿ. ಜಾಬ್‌ನ (ಪೈಪ್‌ಲೈನ್‌ನ ಒಂದು ಕೆಲಸದ) ಆರ್ಟಿಫ್ಯಾಕ್ಟ್‌ಗಳಲ್ಲಿ, ಅಂದರೆ ಅದು ಉಳಿಸಿಟ್ಟ ಕಡತಗಳಲ್ಲಿ, ಆ ಕಡತ ಇಳಿಸಿಕೊಂಡು ಇಂದೇ ತೆರೆದು ನೋಡಿ.

ನಿಮಗೆ ನನ್ನ ಸಲಹೆ ಸೆಮ್‌ಗ್ರೆಪ್ ಎಂಬ ಸ್ಕ್ಯಾನರ್‌ನ ಉಚಿತ ಆವೃತ್ತಿಯನ್ನು ನೇರವಾಗಿ ಓಡಿಸುವುದು. ಅದರ ಸ್ಕ್ಯಾನ್ ಆಜ್ಞೆಗೆ ‘ಎರರ್’ ಆಯ್ಕೆ ಸೇರಿಸಿದರೆ ದೋಷ ಸಿಕ್ಕಾಗ ಜಾಬ್ ವಿಫಲವಾಗುತ್ತದೆ. ‘ಬೇಸ್‌ಲೈನ್-ಕಮಿಟ್’ ಆಯ್ಕೆಗೆ ಮರ್ಜ್ ರಿಕ್ವೆಸ್ಟ್ ಕವಲೊಡೆದ ಕಮಿಟ್ (ಕೋಡಿನ ಇತಿಹಾಸದಲ್ಲಿ ದಾಖಲಾದ ಒಂದು ಹಂತ) ಕೊಟ್ಟರೆ ಹಳೆಯ ದೋಷಗಳನ್ನು ಬಿಟ್ಟು ಹೊಸದನ್ನಷ್ಟೇ ಹೇಳುತ್ತದೆ. ಇಲ್ಲಿ ಬಹಳ ಜನ ಎಡವುವುದು ಒಂದು ಸಣ್ಣ ಕಡೆ: ಗಿಟ್‌ಲ್ಯಾಬ್ ಹೊಸ ಪ್ರಾಜೆಕ್ಟ್‌ಗಳಲ್ಲಿ ಕೊನೆಯ 20 ಕಮಿಟ್‌ಗಳನ್ನಷ್ಟೇ ರನ್ನರ್‌ಗೆ (ಜಾಬ್ ಓಡುವ ಯಂತ್ರಕ್ಕೆ) ಇಳಿಸುತ್ತದೆ. ಹೋಲಿಕೆಗೆ ಬೇಕಾದ ಹಳೆಯ ಕಮಿಟ್ ಅಲ್ಲಿ ಇಲ್ಲದಿದ್ದರೆ ಸ್ಕ್ಯಾನ್ ಮುರಿದು ಬೀಳುತ್ತದೆ. ‘ಗಿಟ್_ಡೆಪ್ತ್’ ಎಂಬ ಸೆಟ್ಟಿಂಗ್ ಸೊನ್ನೆ ಮಾಡಿ, ಆಗ ಪೂರ್ತಿ ಇತಿಹಾಸ ಇಳಿಯುತ್ತದೆ.

ಒಂದು ಮಿತಿ ತಿಳಿದಿರಲಿ. ಸೆಮ್‌ಗ್ರೆಪ್‌ನ ಉಚಿತ ಆವೃತ್ತಿ ಮೌಲ್ಯದ ಹಾದಿಯನ್ನು ಕಡತದಿಂದ ಕಡತಕ್ಕೆ ಬೆನ್ನಟ್ಟುವುದಿಲ್ಲ. ಮೇಲೆ ಹೇಳಿದ ‘ಊರು’ ಉದಾಹರಣೆಯ ಪೂರ್ತಿ ಹಾದಿ ಅದಕ್ಕೆ ಸಿಗದು. ಎಫ್-ಸ್ಟ್ರಿಂಗ್‌ನಿಂದ ಎಸ್‌ಕ್ಯೂಎಲ್ ಕಟ್ಟಿದ ಸಾಲನ್ನಷ್ಟೇ ಅನುಮಾನದಿಂದ ತೋರಿಸಬಹುದು. ಅದೂ ಕಡಿಮೆ ಉಪಕಾರವಲ್ಲ.

ಜೊತೆಗೆ ಗಿಟ್‌ಲೀಕ್ಸ್ ಓಡಿಸಿ. ಪಾಸ್‌ವರ್ಡ್, ಕ್ಲೌಡ್ ಕೀ ಇಂಥವು ಕೋಡಿನಲ್ಲಿ ಉಳಿದಿದ್ದರೆ ಅದು ಹುಡುಕುತ್ತದೆ, ಹಳೆಯ ಕಮಿಟ್‌ಗಳಲ್ಲೂ. ಸಿಕ್ಕರೆ ಆ ಸಾಲು ಅಳಿಸಿ ಸುಮ್ಮನಾಗಬೇಡಿ, ಗಿಟ್ ಇತಿಹಾಸದಲ್ಲಿ ಅದು ಹಾಗೆಯೇ ಇರುತ್ತದೆ. ಮೊದಲು ಆ ಕೀಯನ್ನು ರದ್ದು ಮಾಡಿ ಹೊಸದು ಪಡೆಯಿರಿ. ಮಿಕ್ಕದ್ದು ಆಮೇಲೆ.

ಪ್ರಶ್ನೆ: ನಾವು ಕೆಲವರು ಸೇರಿ ಒಂದು ಮುಕ್ತ ತಂತ್ರಾಂಶ ನಡೆಸುತ್ತೇವೆ, ಕೋಡ್ ಗಿಟ್‌ಹಬ್‌ನಲ್ಲಿದೆ. ನಾವು ಬಳಸುವ ಸ್ಕ್ಯಾನರ್‌ಗೆ ಟೋಕನ್ (ಪಾಸ್‌ವರ್ಡ್‌ನಂಥ ಗುಟ್ಟಿನ ಕೀ) ಬೇಕು. ಹೊರಗಿನವರು ಫೋರ್ಕ್‌ನಿಂದ (ನಮ್ಮ ಕೋಡಿನ ತಮ್ಮದೇ ಪ್ರತಿಯಿಂದ) ಪುಲ್ ರಿಕ್ವೆಸ್ಟ್ ಕಳಿಸಿದಾಗ ಟೋಕನ್ ಸಿಗದೆ ಸ್ಕ್ಯಾನ್ ನಿಲ್ಲುತ್ತದೆ. ವರ್ಕ್‌ಫ್ಲೋ ಕಡತದಲ್ಲಿ ‘ಪುಲ್_ರಿಕ್ವೆಸ್ಟ್_ಟಾರ್ಗೆಟ್’ ಹಾಕಿದರೆ ಸರಿಹೋಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಫೋರ್ಕ್‌ಗಳಿಗೆ ಟೋಕನ್ ಸಿಗದಿರುವುದು ದೋಷವಲ್ಲ, ನಿಮ್ಮ ರಕ್ಷಣೆಗೆಂದೇ ಮಾಡಿದ ಏರ್ಪಾಡು. ‘ಪುಲ್_ರಿಕ್ವೆಸ್ಟ್_ಟಾರ್ಗೆಟ್’ ನಿಮ್ಮ ರೆಪಾಸಿಟರಿಯ ಹಕ್ಕುಗಳೊಂದಿಗೆ, ನಿಮ್ಮ ಗುಟ್ಟುಗಳು ಕೈಗೆಟಕುವಂತೆ ಓಡುತ್ತದೆ. ಅದರೊಳಗೆ ಅಪರಿಚಿತರ ಕೋಡ್ ಇಳಿಸಿಕೊಂಡು ಎನ್‌ಪಿಎಂ ಇನ್‌ಸ್ಟಾಲ್ (ಪ್ಯಾಕೇಜುಗಳನ್ನು ಸ್ಥಾಪಿಸುವ ಆಜ್ಞೆ) ಮಾಡಿದಿರೋ, ಅವರು ಬರೆದ ಸ್ಕ್ರಿಪ್ಟ್ ನಿಮ್ಮ ಹಕ್ಕಿನಲ್ಲಿ ಓಡಿ ಟೋಕನ್ ಹೊತ್ತೊಯ್ಯಬಹುದು.

ಬದಲಿಗೆ ಹೀಗೆ ಮಾಡಿ. ಪುಲ್ ರಿಕ್ವೆಸ್ಟ್‌ಗಳ ಮೇಲೆ ಟೋಕನ್ ಬೇಡದ ಸ್ಕ್ಯಾನರ್ ಓಡಲಿ. ಸಾರ್ವಜನಿಕ ರೆಪಾಸಿಟರಿಗಳಿಗೆ ಕೋಡ್‌ಕ್ಯೂಎಲ್ ಉಚಿತ, ಅದಕ್ಕೆ ನೀವು ಗುಟ್ಟಿನ ಟೋಕನ್ ಕೊಡಬೇಕಿಲ್ಲ. ಟೋಕನ್ ಬೇಕಾದ ಸ್ಕ್ಯಾನರ್ ನೀವು ಪರಿಶೀಲಿಸಿ ಮರ್ಜ್ ಮಾಡಿದ ಮೇಲೆ ಮುಖ್ಯ ಬ್ರಾಂಚಿನಲ್ಲಿ ಓಡಲಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಸ್ಕ್ಯಾನರ್ ಕೂಡ ನಿಮ್ಮ ಸಿಐ (ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಒಳಗೆ ಓಡುವ ಬೇರೆಯವರ ಕೋಡ್. 2025ರ ಮಾರ್ಚ್‌ನಲ್ಲಿ ‘ಟಿಜೆ-ಆಕ್ಷನ್ಸ್/ಚೇಂಜ್ಡ್-ಫೈಲ್ಸ್’ ಎಂಬ ಜನಪ್ರಿಯ ಆಕ್ಷನ್‌ಗೆ (ವರ್ಕ್‌ಫ್ಲೋದಲ್ಲಿ ಬಳಸುವ ಸಿದ್ಧ ಕೋಡ್ ತುಣುಕಿಗೆ) ಏನಾಯಿತು ನೋಡಿ. ದಾಳಿಕೋರರು ಅದರ ಹಳೆಯ ಆವೃತ್ತಿಗಳ ಟ್ಯಾಗ್‌ಗಳನ್ನೇ (ಹೆಸರುಪಟ್ಟಿಗಳನ್ನೇ) ಕಿತ್ತು ಒಂದು ಕೆಟ್ಟ ಕಮಿಟ್‌ಗೆ ತಿರುಗಿಸಿದರು. ಅದು ರನ್ನರ್‌ನ ಮೆಮೊರಿಯಲ್ಲಿದ್ದ ಗುಟ್ಟುಗಳನ್ನು ಲಾಗ್‌ನಲ್ಲಿ ಅಚ್ಚು ಮಾಡಿತು. ಸಾರ್ವಜನಿಕ ರೆಪಾಸಿಟರಿಯ ಲಾಗ್ ಅಂದರೆ ಯಾರು ಬೇಕಾದರೂ ಓದಬಹುದಾದದ್ದು. ಆ ಆಕ್ಷನ್ ಬಳಸುತ್ತಿದ್ದ ರೆಪಾಸಿಟರಿಗಳು 23,000ಕ್ಕೂ ಹೆಚ್ಚು. ಅದಕ್ಕೂ ಮೊದಲೇ ಟ್ಯಾಗ್ ಬದಲು 40 ಅಕ್ಷರಗಳ ಪೂರ್ಣ ಕಮಿಟ್ ಹ್ಯಾಶ್ (ಆ ಕಮಿಟ್‌ನದ್ದೇ ಆದ ಗುರುತು) ಬರೆದು, ಅದನ್ನು ಬದಲಿಸದೆ ಇಟ್ಟಿದ್ದವರ ಕಡೆ ಹಳೆಯ ಕೋಡೇ ಓಡಿತು.

ನಿಮ್ಮ ವರ್ಕ್‌ಫ್ಲೋದಲ್ಲೂ ಎಲ್ಲ ಆಕ್ಷನ್‌ಗಳಿಗೆ ಹಾಗೆಯೇ ಪೂರ್ಣ ಹ್ಯಾಶ್ ಬರೆಯಿರಿ, ಪಕ್ಕದಲ್ಲಿ ಕಾಮೆಂಟ್ ಆಗಿ ಆವೃತ್ತಿ ಸಂಖ್ಯೆ ಇರಲಿ. ಗಿಟ್‌ಹಬ್‌ನ ಡಿಪೆಂಡಾಬಾಟ್ ಎಂಬ ಸ್ವಯಂಚಾಲಿತ ಸಹಾಯಕ ಹೊಸ ಹ್ಯಾಶ್‌ಗಳನ್ನು ಪುಲ್ ರಿಕ್ವೆಸ್ಟ್ ಮೂಲಕ ತಂದುಕೊಡುತ್ತದೆ, ಬಂದ ತಕ್ಷಣ ಮರ್ಜ್ ಮಾಡದೆ ಕೆಲವು ದಿನ ಬಿಡಿ. ವರ್ಕ್‌ಫ್ಲೋದ ಅನುಮತಿಗಳ ಭಾಗದಲ್ಲಿ ‘ಕಂಟೆಂಟ್ಸ್’ಗೆ ಓದುವ ಹಕ್ಕು, ‘ಸೆಕ್ಯೂರಿಟಿ-ಈವೆಂಟ್ಸ್’ಗೆ ಬರೆಯುವ ಹಕ್ಕು ಕೊಡಿ. ಸಾರ್ವಜನಿಕ ರೆಪಾಸಿಟರಿಯಲ್ಲಿ ಕೋಡ್‌ಕ್ಯೂಎಲ್ ಸ್ಕ್ಯಾನಿಗೆ ಅಷ್ಟು ಸಾಕು. ಸಾರ್ವಜನಿಕ ರೆಪಾಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ನಿಗದಿತ ವರ್ಕ್‌ಫ್ಲೋಗಳನ್ನು ಗಿಟ್‌ಹಬ್ ನಿಲ್ಲಿಸಿಬಿಡುತ್ತದೆ. ಬಿಡುವಿನ ವೇಳೆಯಲ್ಲಿ ನಡೆಸುವ ಯೋಜನೆಗಳಿಗೆ ಇದು ಹೆಚ್ಚಾಗಿ ಆಗುವಂಥದ್ದು. ಆಕ್ಷನ್ಸ್ ಪುಟವನ್ನು ಈಗಲೇ ಒಮ್ಮೆ ತೆರೆದು, ನಿಮ್ಮ ವಾರದ ಸ್ಕ್ಯಾನ್ ಕೊನೆಯ ಸಲ ಯಾವಾಗ ಓಡಿತು ಎಂದು ನೋಡಿ.