ಆನೆ ನಡೆದದ್ದೇ ದಾರಿಯಾ?

ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಕಳೆದ ಸಂಚಿಕೆಯ ಯುದ್ಧದ ಲೇಖನವನ್ನು ಪ್ರಾಚೀನ ಗ್ರೀಸಿನ ಇತಿಹಾಸಕಾರ ಥುಸಿಡಿಡೀಸನ ಮಾತಿನಿಂದ ಮುಗಿಸಿದ್ದೀರಿ. ಬಲ ಇದ್ದವರು ತಮ್ಮ ಕೈಲಾದದ್ದನ್ನು ಮಾಡುತ್ತಾರೆ, ಇಲ್ಲದವರು ಅನುಭವಿಸುತ್ತಾರೆ ಅಂತ. ನನ್ನ ಮಗಳು ಬಿ.ಎ.ಯಲ್ಲಿ ಅಂತರರಾಷ್ಟ್ರೀಯ ಸಂಬಂಧ ಓದುತ್ತಿದ್ದಾಳೆ. ವಾಸ್ತವವಾದ, ಉದಾರವಾದ, ಮಾರ್ಕ್ಸ್‌ವಾದ, ರಚನಾವಾದ ಅಂತ ಪಟ್ಟಿ ಬಾಯಿಪಾಠ ಮಾಡುತ್ತಾಳೆ. ಆನೆ ನಡೆದದ್ದೇ ದಾರಿ ಅನ್ನೋದಾದರೆ ಮಿಕ್ಕಿದ್ದನ್ನೆಲ್ಲ ಯಾಕೆ ಓದಬೇಕು?"

ಮೊದಲಿಗೆ ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಅದು ಥುಸಿಡಿಡೀಸನ ಅಭಿಪ್ರಾಯ ಅಲ್ಲ. ಅವನ ಇತಿಹಾಸದಲ್ಲಿ ಆ ಮಾತು ಆಡುವವರು ಅಥೆನ್ಸ್ ಅನ್ನೋ ನಗರರಾಜ್ಯದ ದೂತರು. ಹೇಳಿದವರು ಯಾರು ಅನ್ನೋದನ್ನು ಬಿಟ್ಟು ಮಾತನ್ನಷ್ಟೇ ಅಚ್ಚು ಹಾಕಿದೆವು. ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅದರಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಅದು ಕ್ರಿ.ಪೂ. 416. ಅಥೆನ್ಸಿಗೂ ಇನ್ನೊಂದು ಗ್ರೀಕ್ ನಗರರಾಜ್ಯ ಸ್ಪಾರ್ಟಾಕ್ಕೂ ಯುದ್ಧ ಶುರುವಾಗಿ ಹದಿನೈದು ವರ್ಷ ಆಗಿತ್ತು. ಮೆಲೋಸ್ ಅನ್ನೋ ಸಣ್ಣ ದ್ವೀಪ ಯಾರ ಕಡೆಗೂ ಸೇರದೆ ತನ್ನ ಪಾಡಿಗೆ ಇರಲು ನೋಡುತ್ತಿತ್ತು. ಅಥೆನ್ಸಿನ ಹಡಗುಗಳು ಬಂದು ನಿಂತವು. ದೂತರು ಸುತ್ತಿ ಬಳಸಿ ಮಾತಾಡಲಿಲ್ಲ. ನ್ಯಾಯ ಅನ್ಯಾಯ ಎಲ್ಲ ಸರಿಸಮನಾದವರ ನಡುವಿನ ಮಾತು, ನೀವು ಶರಣಾಗಿ ಅಂದರು. ಅದಕ್ಕೆ ಮೆಲೋಸಿನವರು ಕೊಟ್ಟ ಉತ್ತರ ನನ್ನನ್ನು ಇವತ್ತಿಗೂ ಕಾಡುತ್ತದೆ. ನ್ಯಾಯ ಉಳಿದರೆ ನಿಮಗೂ ಒಳ್ಳೆಯದು, ನಾಳೆ ನೀವು ಬಿದ್ದ ದಿನ ನಿಮಗೇ ಅದು ಬೇಕಾಗುತ್ತದೆ ಅನ್ನುವುದು ಅವರ ವಾದ. ಅಥೆನ್ಸ್ ಕೇಳಲಿಲ್ಲ. ಮುತ್ತಿಗೆ ಹಾಕಿ ಊರು ಹಿಡಿದರು. ಸಿಕ್ಕ ಗಂಡಸರನ್ನು ಕೊಂದರು. ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದರು.

ಇಷ್ಟೆಲ್ಲ ಬರೆದು ಥುಸಿಡಿಡೀಸ್ ತನ್ನ ತೀರ್ಪು ಅಂತ ಒಂದು ಸಾಲೂ ಸೇರಿಸುವುದಿಲ್ಲ. ಆದರೆ ಪುಟ ತಿರುಗಿಸಿದರೆ ಅದೇ ಅಥೆನ್ಸ್ ಇಟಲಿ ಪಕ್ಕದ ಸಿಸಿಲಿ ದ್ವೀಪ ಗೆಲ್ಲಲು ಹೊರಟಿರುತ್ತದೆ. ಕ್ರಿ.ಪೂ. 413ರಲ್ಲಿ ಆ ಸೇನೆ ಪೂರ್ತಿ ಮಣ್ಣುಪಾಲಾಯಿತು. ಏಳು ಸಾವಿರಕ್ಕೆ ಕಡಿಮೆ ಇಲ್ಲದಷ್ಟು ಸೆರೆಯಾಳುಗಳನ್ನು ಸಿಸಿಲಿಯ ಸಿರಾಕ್ಯೂಸ್ ನಗರದ ಕಲ್ಲುಗಣಿಗಳಿಗೆ ದೂಡಿದರು. ತಲೆಯ ಮೇಲೆ ಸೂರಿಲ್ಲ. ಹಗಲು ಸುಡುಬಿಸಿಲು, ರಾತ್ರಿ ಚಳಿ. ಒಬ್ಬರಿಗೆ ದಿನಕ್ಕೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು, ಅದರ ಎರಡರಷ್ಟು ಅಳತೆಯ ಧಾನ್ಯ. ಸತ್ತವರ ಹೆಣ ಪಕ್ಕದಲ್ಲೇ ರಾಶಿ ಬಿದ್ದಿರುತ್ತಿತ್ತು.

ಮುಂದಿನ ಕಥೆಯನ್ನು ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಕ್ಸೆನೊಫನ್ ಹೇಳುತ್ತಾನೆ. ಅಥೆನ್ಸಿನ ಕೊನೆಯ ನೌಕಾಪಡೆಯೂ ಸೋತ ಸುದ್ದಿ ಬಂದ ರಾತ್ರಿ, ಬಂದರಿನಲ್ಲಿ ಎದ್ದ ಗೋಳು ಒಬ್ಬರಿಂದ ಒಬ್ಬರಿಗೆ ಹಬ್ಬಿ ಊರೊಳಗೆ ಬಂತು. ಆ ರಾತ್ರಿ ಯಾರೂ ಮಲಗಲಿಲ್ಲ. ತಾವು ಮೆಲೋಸಿನವರಿಗೆ ಮಾಡಿದ್ದು ಈಗ ತಮಗೇ ಆಗುತ್ತದೆ ಅನ್ನೋ ಭಯ.

ದೇಶಗಳ ನಡುವೆ ಬಲವೇ ಮುಖ್ಯ ಅನ್ನೋ ವಾಸ್ತವವಾದದ ಮೂಲ ಅಂತ ಎಲ್ಲರೂ ತೋರಿಸುವ ಕಥೆ ಇದೇ. ಬಲದ ಮಾತು ಅದರಲ್ಲಿ ಇದೆ. ಆ ಬಲ ಎಷ್ಟು ದಿನ ಅನ್ನೋ ಪ್ರಶ್ನೆಯೂ ಇದೆ.

ನಿಮ್ಮ ಮಗಳಿಗೆ ಒಂದು ಕೆಲಸ ಹೇಳಿ. ಪ್ರತಿ ಸಿದ್ಧಾಂತದ ಪಕ್ಕ ಅದು ಹುಟ್ಟಿದ ಕಾಲವನ್ನು ಬರೆದುಕೊಳ್ಳಲಿ. ಥುಸಿಡಿಡೀಸನನ್ನು 1629ರಲ್ಲಿ ಇಂಗ್ಲಿಷಿಗೆ ತಂದವನು ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್. ಆಮೇಲೆ ಅವನ ದೇಶದಲ್ಲೇ ಅಂತರ್ಯುದ್ಧ ಆಯಿತು. ಮೇಲೊಬ್ಬ ಆಳುವವನು ಇಲ್ಲದಿದ್ದರೆ ಎಲ್ಲರಿಗೂ ಎಲ್ಲರ ಭಯ ಅಂತ 1651ರಲ್ಲಿ ಬರೆದ. ಕೌಟಿಲ್ಯ ಇದನ್ನೇ ಮತ್ಸ್ಯನ್ಯಾಯ, ಅಂದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ನ್ಯಾಯ ಅಂದಿದ್ದ. ದೇಶಗಳ ಮೇಲೆ ಅಂಥ ಯಜಮಾನ ಯಾರೂ ಇಲ್ಲ, ಅಲ್ವಾ? ವಾಸ್ತವವಾದ ನಿಂತಿರುವುದು ಈ ಒಂದು ಕಂಬದ ಮೇಲೆ.

ಕಾನೂನು, ವ್ಯಾಪಾರ, ಸಂಸ್ಥೆಗಳಿಂದ ಶಾಂತಿ ಸಾಧ್ಯ ಅನ್ನುವ ಉದಾರವಾದದವರೂ ಈ ಕಂಬವನ್ನು ಅಲ್ಲಗಳೆಯುವುದಿಲ್ಲ. ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯ ಬಗ್ಗೆ ಬರೆದದ್ದು 1795ರಲ್ಲಿ, ಯುರೋಪು ಹೊತ್ತಿ ಉರಿಯುತ್ತಿದ್ದಾಗ. ಬರಹ ಶುರುವಾಗುವುದೇ ಒಂದು ಡಚ್ ಹೋಟೆಲಿನ ಬೋರ್ಡಿನಿಂದ. ಶಾಶ್ವತ ಶಾಂತಿ ಅಂತ ಬರೆದ ಆ ಬೋರ್ಡಿನ ಮೇಲಿದ್ದ ಚಿತ್ರ ಸ್ಮಶಾನದ್ದು. ಸುಮ್ನೆ ಕನಸು ಕಾಣುವವರು ಹಾಗೆ ಶುರು ಮಾಡುವುದಿಲ್ಲ. ಮುಂದಿನ ಯುದ್ಧಕ್ಕೆ ನೆಪ ಬಚ್ಚಿಟ್ಟುಕೊಂಡು ಮಾಡಿದ ಒಪ್ಪಂದ ಶಾಂತಿಯೇ ಅಲ್ಲ ಅಂದ. ಪ್ರಜೆಗಳ ಒಪ್ಪಿಗೆಯಿಂದ ನಡೆಯುವ ಸರ್ಕಾರ ಬೇಕು, ಸ್ವತಂತ್ರ ದೇಶಗಳ ಒಕ್ಕೂಟ ಬೇಕು, ಪರದೇಶದಿಂದ ಬಂದವನನ್ನು ಶತ್ರುವಿನಂತೆ ಕಾಣಬಾರದು ಅಂದ.

ಇನ್ನೊಂದು ವರ್ಷವನ್ನು ಅವಳು ಮರೆಯಬಾರದು: 1919. ವೇಲ್ಸ್‌ನ ಆಬೆರಿಸ್ಟ್‌ವಿತ್ ಅನ್ನೋ ಕಡಲತೀರದ ಊರಿನ ಕಾಲೇಜಿನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕೆ ಜಗತ್ತಿನ ಮೊದಲ ಅಧ್ಯಯನ ಪೀಠ ಹುಟ್ಟಿತು. ಮೊದಲ ಮಹಾಯುದ್ಧಕ್ಕೆ ಹೋಗಿ ವಾಪಸ್ ಬಾರದ ಅಲ್ಲಿನ ವಿದ್ಯಾರ್ಥಿಗಳ ನೆನಪಿಗೆ ದಾನಿಗಳು ಕೊಟ್ಟ ಹಣ ಅದು. ಅವಳು ಬಾಯಿಪಾಠ ಮಾಡುತ್ತಿರುವ ವಿಷಯ ಹುಟ್ಟಿದ್ದು ಸತ್ತ ಹುಡುಗರ ನೆನಪಿನಲ್ಲಿ. ದೇಶಗಳ ನಡುವೆ ಶಾಂತಿ ಕಾಯುವ ರಾಷ್ಟ್ರಸಂಘದ ಕನಸು ಕಂಡ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಹೆಸರನ್ನು ಪೀಠಕ್ಕೆ ಇಟ್ಟರು.

1936ರಲ್ಲಿ ಅದೇ ಪೀಠಕ್ಕೆ ಬಂದ ಬ್ರಿಟಿಷ್ ವಿದ್ವಾಂಸ ಇ.ಎಚ್. ಕಾರ್ ಆ ಕನಸಿನ ಮೇಲೇ ಏಟು ಹಾಕಿದರು. ಹೀಗಿರಬೇಕು ಅನ್ನೋ ಆಸೆಯಲ್ಲಿ ಹೇಗಿದೆ ಅಂತ ನೋಡುವುದನ್ನೇ ಮರೆತಿರಿ ಅಂದರು. ಅವರ ಪುಸ್ತಕ ಹೊರಬಂದದ್ದು 1939ರಲ್ಲಿ, ಎರಡನೇ ಮಹಾಯುದ್ಧ ಶುರುವಾದ ವರ್ಷವೇ. ಏಟು ಸರಿಯಾಗಿಯೇ ಬಿತ್ತು. ಆದರೆ ಅದೇ ಕಾರ್ ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಬಿಟ್ಟುಕೊಟ್ಟು ಹಿಟ್ಲರನ ಜೊತೆ ಮಾಡಿಕೊಂಡ ಮ್ಯೂನಿಕ್ ಒಪ್ಪಂದವನ್ನು ಆ ಪುಸ್ತಕದಲ್ಲಿ ಮೆಚ್ಚಿದ್ದರು. ವಾಸ್ತವ ನೋಡಿ ಅಂದವರ ಕಣ್ಣೂ ತಪ್ಪುತ್ತದೆ. ನಾಜಿಗಳಿಂದಾಗಿ ಯುರೋಪ್ ಬಿಟ್ಟು 1937ರಲ್ಲಿ ಅಮೆರಿಕ ಸೇರಿದ ಹ್ಯಾನ್ಸ್ ಮಾರ್ಗೆಂಥಾ 1948ರಲ್ಲಿ ವಾಸ್ತವವಾದಕ್ಕೆ ಗಟ್ಟಿ ರೂಪ ಕೊಟ್ಟರು. ಮುಂದೆ ವಿಯೆಟ್ನಾಂ ಯುದ್ಧವನ್ನು ಅವರೇ ಬಹಿರಂಗವಾಗಿ ವಿರೋಧಿಸಿದರು. ವಾಸ್ತವವಾದಿ ಅಂದರೆ ಯುದ್ಧ ಬೇಕು ಅನ್ನುವವನು ಅಂತ ತಿಳಿದವರು ಇದನ್ನು ಗಮನಿಸಬೇಕು.

ಮಾರ್ಕ್ಸ್‌ವಾದದ ಬಗ್ಗೆ ಇಷ್ಟು ಹೇಳಿದರೆ ಸದ್ಯಕ್ಕೆ ಸಾಕು. 1916ರಲ್ಲಿ ಜ್ಯೂರಿಕ್‌ನಲ್ಲಿ ಕೂತು ಲೆನಿನ್ ಕೇಳಿದ್ದು ಮೊದಲ ಮಹಾಯುದ್ಧದ ಹಿಂದೆ ಯಾರ ಬಂಡವಾಳ ಇದೆ ಅಂತ. ದೇಶ ಅಂದಾಗ ಅದರೊಳಗಿನ ಯಾರು ಅಂತ ಕೇಳುವ ಅಭ್ಯಾಸ ಅಲ್ಲಿಂದ ಬಂತು. ಸ್ತ್ರೀವಾದಿಗಳು ಅದನ್ನು ಇನ್ನೂ ಮುಂದಕ್ಕೆ ಒಯ್ದರು. ಮೆಲೋಸಿನಲ್ಲಿ ಮಾತಿಗೆ ಕೂತವರಲ್ಲಿ ಆಮೇಲೆ ಗುಲಾಮರಾಗಿ ಮಾರಾಟವಾದ ಆ ಹೆಂಗಸರು ಇರಲಿಲ್ಲ.

ದೇಶಗಳು ಒಂದನ್ನೊಂದು ಹೇಗೆ ಕಾಣುತ್ತವೆ ಅನ್ನೋದು ಮುಖ್ಯ ಅನ್ನುವ ರಚನಾವಾದಕ್ಕೆ ಬಲ ಬಂದದ್ದು ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ. ಅಷ್ಟು ದೊಡ್ಡ ಶಕ್ತಿ ಮಹಾಯುದ್ಧ ಇಲ್ಲದೆ ಕುಸಿಯಿತು. ಬಲದ ಲೆಕ್ಕ ಮಾತ್ರ ಹಾಕುತ್ತಿದ್ದವರು ಅದನ್ನು ಮೊದಲೇ ಊಹಿಸಿರಲಿಲ್ಲ. ರಚನಾವಾದಿ ಚಿಂತಕ ಅಲೆಕ್ಸಾಂಡರ್ ವೆಂಟ್ 1995ರಲ್ಲಿ ಕೊಟ್ಟ ಉದಾಹರಣೆ ನೋಡಿ: ಬ್ರಿಟನ್ನಿನ 500 ಅಣ್ವಸ್ತ್ರಕ್ಕಿಂತ ಉತ್ತರ ಕೊರಿಯಾದ 5 ಅಣ್ವಸ್ತ್ರ ಅಮೆರಿಕಕ್ಕೆ ಜಾಸ್ತಿ ಭಯ ತರುತ್ತದೆ. ಆಯುಧ ಅದೇ. ಅದನ್ನು ಹಿಡಿದವರು ಸ್ನೇಹಿತರೋ ಶತ್ರುಗಳೋ ಅನ್ನೋದೇ ವ್ಯತ್ಯಾಸ.

ಎಲ್ಲ ಯಾಕೆ ಓದಬೇಕು ಅಂದಿರಿ. ಜರ್ಮನಿ ಮತ್ತು ಫ್ರಾನ್ಸನ್ನು ತಗೊಳ್ಳಿ. 1870, 1914, 1939. ಎಪ್ಪತ್ತು ವರ್ಷದೊಳಗೆ ಮೂರು ಯುದ್ಧ. 1951ರಲ್ಲಿ ಈ ಎರಡು ದೇಶಗಳು, ಇನ್ನೂ ನಾಲ್ಕರ ಜೊತೆ ಸೇರಿ, ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸಿದವು. ಫಿರಂಗಿ ತಯಾರಾಗುವುದೇ ಅವುಗಳಿಂದ. ಅಲ್ಲಿಂದ ಇಲ್ಲಿಯವರೆಗೆ ಅವೆರಡರ ನಡುವೆ ಯುದ್ಧ ಆಗಿಲ್ಲ. ವ್ಯಾಪಾರ ಮತ್ತು ಸಂಸ್ಥೆಗಳ ಫಲ ಅಂತ ಉದಾರವಾದಿ ಹೇಳುತ್ತಾನೆ. ಸೋವಿಯತ್ ಭಯ, ಅಮೆರಿಕದ ಸೇನೆಯ ನೆರಳು ಅಂತ ವಾಸ್ತವವಾದಿ ಹೇಳುತ್ತಾನೆ. ಒಬ್ಬರನ್ನೊಬ್ಬರು ಶತ್ರು ಅಂತ ಕಾಣುವುದೇ ನಿಂತುಹೋಯಿತು ಅಂತ ರಚನಾವಾದಿ ಹೇಳುತ್ತಾನೆ. ನನಗಂತೂ ಮೂವರೂ ಬೇಕು. ಅಮೆರಿಕದ ಸೇನೆ ಇಲ್ಲದೆ ಇದು ಶುರುವಾಗುತ್ತಿರಲಿಲ್ಲ. ಆದರೆ ಸೇನೆ ಒಂದರಿಂದಲೇ ಗಡಿಯ ಕಾವಲು ಇಷ್ಟು ಸಡಿಲವಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ಥುಸಿಡಿಡೀಸನದು ಅಂತ ನಾವು ಹಾಕಿದ್ದ ಆ ಮಾತನ್ನು ತಿದ್ದಿ ಹಾಕುತ್ತೇವೆ. ಜೊತೆಗೆ ಮೆಲೋಸಿನ ಸಂವಾದದ ಅನುವಾದವೂ ಇರುತ್ತದೆ, ಅದರ ಪಕ್ಕದಲ್ಲೇ ಸಿರಾಕ್ಯೂಸಿನ ಕಲ್ಲುಗಣಿಯ ಪುಟವೂ ಇರುತ್ತದೆ. ಮಗಳ ಹೆಸರಿಗೆ ಒಂದು ಪ್ರತಿ ಬೇರೆಯಾಗಿ ಕಳಿಸುತ್ತೇವೆ. ಓದಿ ಅವಳಿಗೆ ಏನನ್ನಿಸಿತು ಅಂತ ಅವಳೇ ಬರೆಯಲಿ.