ಮೊದಲ ಸಲ ವಿಧಾನಸಭೆಗೆ ನಿಲ್ಲುವವರು ಮೊದಲು ಬೂತಿಗೊಬ್ಬರನ್ನು ಹುಡುಕಿ

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 31, ಊರು ಸಾಗರದ ಕಡೆ, ಯಾವ ಪಕ್ಷವೂ ಇಲ್ಲ. 2028ರ ವಿಧಾನಸಭೆ ಚುನಾವಣೆಗೆ ಪಕ್ಷೇತರರಾಗಿ ನಿಲ್ಲಬೇಕು. ಮೊದಲು ದುಡ್ಡು ಹೊಂದಿಸಬೇಕಾ, ಪ್ರಚಾರ ಶುರು ಮಾಡಬೇಕಾ? ಎರಡೂ ಅಲ್ಲ. ಮೊದಲು ಜನ ಹುಡುಕಿ.

2023ರಲ್ಲಿ ನಿಮ್ಮ ಕ್ಷೇತ್ರದಲ್ಲೇ ಮೊದಲ ಸಲ ನಿಂತ ಗೆಳೆಯನಿಗೆ ನಾನು ಚುನಾವಣಾ ಏಜೆಂಟ್ ಆಗಿದ್ದೆ. ಸೋತೆವು, ಠೇವಣಿಯೂ ಹೋಯಿತು. ಚಲಾವಣೆಯಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬರದಿದ್ದರೆ ಆ 10,000 ರೂಪಾಯಿ ವಾಪಸ್ ಬರುವುದಿಲ್ಲ. (ಪರಿಶಿಷ್ಟ ಜಾತಿ, ಪಂಗಡದವರಿಗೆ 5,000.) ಅದರ ಬೇಸರ ನನಗಿಲ್ಲ. ಬೇಸರ ಇರುವುದು ಬೇರೆ ವಿಷಯಕ್ಕೆ.

ಪಕ್ಷೇತರರಿಗೆ ನಾಮಪತ್ರಕ್ಕೆ ಹತ್ತು ಜನ ಸೂಚಕರು (ಹೆಸರು ಸೂಚಿಸಿ ಸಹಿ ಹಾಕುವವರು) ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಹೊಸನಗರ ತಾಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಗಿದೆ, ಗೊತ್ತಲ್ವಾ? ನಮ್ಮ ಸೂಚಕರಲ್ಲಿ ಒಬ್ಬರ ಹೆಸರು ತೀರ್ಥಹಳ್ಳಿ ಪಟ್ಟಿಯಲ್ಲಿತ್ತು. ಹಿಂದಿನ ರಾತ್ರಿ ಪಟ್ಟಿ ತಿರುವಿ ಹಾಕುವಾಗ ಕಣ್ಣಿಗೆ ಬಿತ್ತು, ಬಚಾವಾದೆವು. ನೀವು ಹತ್ತೂ ಜನರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೀವೇ ನೋಡಿ.

ಖರ್ಚಿನ ಮಿತಿ 40 ಲಕ್ಷ. ನಮ್ಮದು ಅದರ ಹತ್ತಿರಕ್ಕೂ ಹೋಗಲಿಲ್ಲ. ಆದರೂ ನಾಮಪತ್ರಕ್ಕೆ ಮುಂಚೆಯೇ ಚುನಾವಣೆಗೆಂದು ಬೇರೆ ಬ್ಯಾಂಕ್ ಖಾತೆ ತೆರೆಯಬೇಕು, ದಿನದಿನದ ಲೆಕ್ಕ ಬರೆಯಬೇಕು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಲೇಬೇಕು. ಸೋತವರು ಇದನ್ನು ಮರೆತುಬಿಡುತ್ತಾರೆ. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ನಿಜವಾದ ಕಷ್ಟ ಚಿಹ್ನೆಯದ್ದು. ಪಕ್ಷೇತರರ ಚಿಹ್ನೆ ನಿಗದಿಯಾಗುವುದು ನಾಮಪತ್ರ ವಾಪಸಾತಿಯ ಗಡುವು ಮುಗಿದ ಮೇಲೆ. ಆ ಸಲ ಗಡುವು ಏಪ್ರಿಲ್ 24, ಮತದಾನ ಮೇ 10. ಕೊನೆಯ 48 ಗಂಟೆ ಬಹಿರಂಗ ಪ್ರಚಾರ ಇಲ್ಲ. ಉಳಿದದ್ದು ಎರಡು ವಾರ. ಅಷ್ಟರಲ್ಲಿ ತೋಟದ ನಡುವೆ ಒಂದೊಂದೇ ಇರುವ ಮನೆಗಳಿಗೆ ಚಿಹ್ನೆ ತಲುಪಿಸಬೇಕು. ಶರಾವತಿ ಹಿನ್ನೀರಿನ ಆಚೆ ಇರುವ ತುಮರಿ ಕಡೆಗೆ ಹೋಗಲು ಆಗ ಲಾಂಚ್‌ಗೆ ಕಾಯಬೇಕಿತ್ತು. ಈಗ 2025ರ ಜುಲೈಯಿಂದ ಸೇತುವೆ ಇದೆ, ನಿಮಗೆ ಆ ತೊಂದರೆ ಇಲ್ಲ. ಆದರೂ ಒಂದು ದಿಂಬ (ಗುಡ್ಡ) ಹತ್ತಿ ಇಳಿದರೆ ಸಿಗುವುದು ಮೂರೇ ಮನೆ.

ಆದ್ದರಿಂದ ಚಿಹ್ನೆ ಬರುವ ಮೊದಲೇ ನಿಮ್ಮ ಮುಖ ಜನಕ್ಕೆ ಗೊತ್ತಿರಬೇಕು. ಮತಯಂತ್ರದಲ್ಲಿ ಪಕ್ಷೇತರರ ಹೆಸರು ಕೊನೆಯಲ್ಲಿರುತ್ತದೆ. ಪಕ್ಕದಲ್ಲಿ ಫೋಟೋ ಇರುತ್ತದೆ. ಆ ಫೋಟೋ ನೋಡಿ ‘ಇವರು ನಮ್ಮ ಮನೆಗೆ ಬಂದಿದ್ದರು’ ಅನ್ನಿಸಬೇಕು.

ನನ್ನ ಬೇಸರ ಬೂತಿನದ್ದು. ಇನ್ನೂರಕ್ಕೂ ಜಾಸ್ತಿ ಬೂತ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ನಮ್ಮ ಪರವಾಗಿ ಕೂರುವ ಏಜೆಂಟ್ ಇರಲಿಲ್ಲ. ಮತದಾನಕ್ಕೆ ಮುಂಚಿನ ಅಣಕು ಮತದಾನ ನೋಡಲು, ಸಂಜೆ 17ಸಿ ನಮೂನೆಯ ಪ್ರತಿ ಪಡೆಯಲು ನಮ್ಮವರು ಯಾರೂ ಇಲ್ಲ. ಅಲ್ಲಿ ಎಷ್ಟು ಮತ ಬಿತ್ತು ಎಂಬ ಲೆಕ್ಕ ಅದರಲ್ಲೇ ಇರುವುದು. ಅಷ್ಟೇ ಅಲ್ಲ. ಏಜೆಂಟ್ ಕೂರದ ಊರಿನಲ್ಲಿ ಮತವೂ ಬೀಳಲಿಲ್ಲ. ಒಂದು ಊರಿನಲ್ಲಿ ಇಡೀ ದಿನ ನಿಮ್ಮ ಪರವಾಗಿ ಕೂರುವ ಒಬ್ಬರೂ ಇಲ್ಲ ಅಂದರೆ ನೀವು ಆ ಊರಿಗೆ ಇನ್ನೂ ಹೋಗಿಯೇ ಇಲ್ಲ ಅಂತಲೇ ಅರ್ಥ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಇದೇ ಸಾಗರ–ಹೊಸನಗರದಿಂದ ಮೊದಲ ಸಲ ಗೆದ್ದಾಗ ಅವರಿಗೆ ಮೂವತ್ತು ದಾಟಿರಲಿಲ್ಲ. ಅದಕ್ಕೆ ಹಿಂದಿನ ವರ್ಷ ಕಾಗೋಡಿನ ಗೇಣಿದಾರರ ಜೊತೆ ಸತ್ಯಾಗ್ರಹ ಮಾಡಿ ಜೈಲು ಕಂಡಿದ್ದರು. ಮತ ಕೇಳುವ ಮುಂಚೆಯೇ ಜನರ ಜೊತೆ ಇದ್ದರು. ಬಗರ್‌ಹುಕುಂ ಅರ್ಜಿ, ಶರಾವತಿ ಮುಳುಗಡೆಯವರ ಹಕ್ಕುಪತ್ರ, ಎಲೆಚುಕ್ಕೆ ರೋಗಕ್ಕೆ ಸೊರಗಿದ ತೋಟ, ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ: ನಿಮಗೂ ಕೆಲಸ ಬೇಕಾದಷ್ಟಿದೆ. ಚುನಾವಣೆ ಬರುವವರೆಗೆ ಕಾಯಬೇಡಿ. ಯಾರದೋ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅವರ ಜೊತೆ ಹೋಗಿ.

ಒಂದು ನೋಟ್‌ಬುಕ್ ಮಾಡಿ, ಬೂತಿಗೊಂದು ಪುಟ. ಪ್ರತಿ ಪುಟದಲ್ಲೂ ಒಂದು ಹೆಸರು ಬರುವವರೆಗೆ ಓಡಾಡಿ. ಅಡಿಕೆ ಕೊಯ್ಲು ಶುರುವಾದಾಗ ಸಂಜೆ ಹೊತ್ತು ಹೋಗಿ. ಸುಲಿಯುವ ಜಾಗದಲ್ಲಿ ಹತ್ತಾರು ಜನ ಒಟ್ಟಿಗೆ ಕೂತಿರುತ್ತಾರೆ. ಭಾಷಣ ಮಾಡಬೇಡಿ, ನೀವೂ ಕೂತು ಸುಲಿಯಿರಿ. ಮಾತು ಅವರೇ ತೆಗೆಯುತ್ತಾರೆ.