‘ಆ ಜಾಗ’ ಅಂದರೆ ಯಾವ ಜಾಗ?

ಮೇಡಂ,

ನಿಮ್ಮ ‘ಬಿಳಿಸೆರಗು: ಅಪಾಯದ ಗಂಟೆ’ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆ.

ನಾಲ್ಕು ಪುಟಗಳಲ್ಲಿ ‘ಆ ಜಾಗ’ ಹನ್ನೊಂದು ಸಲ ಬಂದಿದೆ, ‘ಯೋನಿ’ ಒಂದು ಸಲವೂ ಇಲ್ಲ. ತುರಿಕೆ ಹೊರಗೋ ಒಳಗೋ, ಮೂತ್ರ ಮಾಡುವಾಗ ಮಾತ್ರ ಉರಿಯೋ ಎಂದು ಡಾಕ್ಟರು ಕೇಳುತ್ತಾರೆ. ನೀವೇ ಮಾತು ಕೊಡದಿದ್ದರೆ ಓದಿದವಳು ಅಲ್ಲಿ ಏನೆಂದು ಹೇಳಬೇಕು?

‘ಬಿಳಿ ಹೋದರೆ ಮೂಳೆ ಸವೆಯುತ್ತದೆ’ ಎಂದಿದ್ದೀರಿ. ಇಲ್ಲ. ಮುಟ್ಟಾಗುವ ವಯಸ್ಸಿನಲ್ಲಿ ಸ್ವಲ್ಪ ಸ್ರಾವ ಸಹಜ. ಎರಡು ಮುಟ್ಟಿನ ನಡುವೆ ಅದು ಮೊಟ್ಟೆಯ ಲೋಳೆಯಂತೆ ಎಳೆಯಾಗಿ ಬರುತ್ತದೆ, ಬಸುರಿಯಲ್ಲಿ ಇನ್ನೂ ಹೆಚ್ಚು. ಇದನ್ನು ಹೇಳದೆ ಗಂಟೆ ಬಾರಿಸಿದರೆ ಆರೋಗ್ಯವಂತರೂ ಹೆದರುತ್ತಾರೆ.

ಸೋಪು, ಆಂಟಿಸೆಪ್ಟಿಕ್ ಹಾಕಿ ಒಳಗೆಲ್ಲ ತೊಳೆಯಿರಿ ಎಂಬ ಸಲಹೆಯನ್ನಂತೂ ಪೂರ್ತಿ ಹೊಡೆದು ಹಾಕಿ. ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗದವೇ ಅಲ್ಲಿ ವಾಸವಾಗಿ, ಆಮ್ಲ ಹುಟ್ಟಿಸಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಅನ್ನು 3.8ರಿಂದ 4.5ರ ಆಸುಪಾಸಿನಲ್ಲಿಟ್ಟು ಕಾವಲು ಕಾಯುತ್ತವೆ. ಒಳಗೆ ತೊಳೆದರೆ ಕಾವಲುಗಾರರೇ ಹೋಗುತ್ತಾರೆ. ಹೊರಭಾಗಕ್ಕೆ ಬರೀ ನೀರು ಸಾಕು.

ಸೋಂಕಿನ ಗುರುತುಗಳಿಗೆ ಒಂದೇ ಸಾಲು ಕೊಟ್ಟಿದ್ದೀರಿ. ಬೇಕಾದದ್ದು ಅಲ್ಲೇ. ಒಡೆದ ಹಾಲಿನ ಗಸಿಯಂತೆ ಗಟ್ಟಿ, ವಿಪರೀತ ತುರಿಕೆ, ವಾಸನೆ ಅಷ್ಟಾಗಿ ಇಲ್ಲ: ಸಾಮಾನ್ಯವಾಗಿ ಫಂಗಸ್. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ: ಬ್ಯಾಕ್ಟೀರಿಯಾದ ಏರುಪೇರು. ಹಳದಿ-ಹಸಿರು ನೊರೆಯಾದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು. ಅದು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ ಗಂಡನಿಗೂ ಮಾತ್ರೆ ಬೇಕು (ಅವನನ್ನು ಒಪ್ಪಿಸುವುದೇ ಇನ್ನೊಂದು ಲೇಖನ). ಲಕ್ಷಣಗಳು ಕಲಸಿಕೊಳ್ಳುವುದೂ ಉಂಟು, ಪರೀಕ್ಷೆಯಿಂದಲೇ ಖಾತ್ರಿ. ‘ಮೆಡಿಕಲ್ಲಿನಲ್ಲಿ ಕ್ರೀಮು ಸಿಗುತ್ತದೆ’ ಎಂದು ಮುಗಿಸಿದ್ದೀರಲ್ಲ, ಫಂಗಸ್ಸಿನ ಕ್ರೀಮು ಮೀನು ವಾಸನೆಯ ತೊಂದರೆಗೆ ಏನೂ ಮಾಡದು. ಜ್ವರ, ಕಿಬ್ಬೊಟ್ಟೆ ನೋವು, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕಾಯಬಾರದೆಂದೂ ಸೇರಿಸಿ.

ಚೆನ್ನಾಗಿರುವುದು ಮೂರನೇ ಪುಟ. ನಿಮ್ಮ ಅತ್ತಿಗೆ ಒಳಬಟ್ಟೆಯನ್ನು ಟವೆಲ್ಲಿನಡಿ ಬಚ್ಚಿಟ್ಟು ಒಣಗಿಸುವುದು, ಮಳೆಗಾಲದಲ್ಲಿ ಒದ್ದೆಯಾಗಿಯೇ ಉಡುವುದು. ಅಲ್ಲಿಂದಲೇ ಶುರು ಮಾಡಿ. ಅವರಿಗೆ ಮೂರು ಸಲ ತುರಿಕೆ ಮರುಕಳಿಸಿತು ಎಂದಿದ್ದೀರಿ. ನಾಲ್ಕು ಸಾಲು ಬಿಟ್ಟು, ಬಾಯಾರಿಕೆ ಹೆಚ್ಚು, ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ ಎಂದೂ ಇದೆ. ಈ ಎರಡನ್ನೂ ನೀವು ಕೂಡಿಸಿಯೇ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಫಂಗಸ್ ಹೀಗೇ ಮರಳಿ ಬರುತ್ತದೆ.

ಲೇಖನ ತಿದ್ದಿ ಮುಂದಿನ ತಿಂಗಳು ಕಳಿಸಿ. ಅತ್ತಿಗೆಯ ಶುಗರ್ ಮಾತ್ರ ಈ ವಾರವೇ ಪರೀಕ್ಷೆ ಮಾಡಿಸಿ.

— ಸಂಪಾದಕಿ